ನೀಲವ್ವನ ಊರಿಗೆ ವಂಜಿರು ಜೊತೆ

ತೊಂಬತ್ತರ ದಶಕದ ಕೊನೆಯ ಒಂದು ಮಾಗಿಯ ಮುಂಜಾನೆ ನಾನೂ ವಂಜಿರುವೂ ಧಾರವಾಡದಿಂದ ಅಳ್ನಾವರ ಕಡೆಯ ಬಸ್ಸು ಹತ್ತಿದೆವು. ವಂಜಿರು ಕೀನ್ಯಾದವಳು. ಅಪರಾಧ ಮನಃಶಾಸ್ತ್ರ ಓದಲು ಅಷ್ಟು ದೂರದಿಂದ ಬಂದಿದ್ದಳು. ನಾನು ಹುಬ್ಬಳ್ಳಿ ಕೇಶ್ವಾಪುರದವಳು, ಹಾಸ್ಟೆಲಿನಲ್ಲಿ ಅವಳದೇ ಕೋಣೆಯಲ್ಲಿದ್ದವಳು. ಅಡಿಗೆಯವರ ಜೊತೆ ಮಾತಾಡಿ ಮಾತಾಡಿ ಅವಳು ಕನ್ನಡ ಕಲಿತಿದ್ದಳು. ಕೆಲಗೇರಿ ಕೆರೆಯ ಮೇಲೆ ಮಂಜು ಕೂತಿತ್ತು. ಅವಳು ಶಾಲು ಬಿಗಿಯಾಗಿ ಸುತ್ತಿಕೊಂಡು, "ನಿಮ್ಮ ದೇಶದಾಗ ಇಷ್ಟು ಥಂಡಿ ಅಂತ ಯಾರೂ ಹೇಳ್ಲಿಲ್ಲ" ಎಂದಳು.

ನಮ್ಮ ತರಗತಿಯವರು ಜೈಲಿನಲ್ಲಿ ಮಾತಾಡಿಸುತ್ತಿದ್ದವರಲ್ಲಿ ಬಸಪ್ಪ ಒಬ್ಬ. ಹೊಲದ ಬದುವಿನ ಜಗಳದಲ್ಲಿ ತಂಗಿಯ ಗಂಡನನ್ನೇ ಕೊಂದವನು. ಬಿಡುಗಡೆ ಹತ್ತಿರ ಬಂದಿತ್ತು. "ನಾ ಊರಿಗೆ ಬರಲ್ಯೋ ಬ್ಯಾಡೋ, ನನ್ನ ತಂಗೀನ್ನ ಕೇಳ್ಕೊಂಡು ಬರ್ರಿ. ಆಕಿ ಬ್ಯಾಡ ಅಂದ್ರ ಆ ಕಡೆ ತಲಿ ಹಾಕೂದಿಲ್ಲ" ಎಂದಿದ್ದ. ನಮ್ಮ ಪ್ರೊಫೆಸರು ಒಪ್ಪಿ ನಮ್ಮಿಬ್ಬರನ್ನು ಕಳಿಸಿದ್ದರು.

ಬಸ್ಸಿಳಿದು ಭತ್ತ ಕೊಯ್ದ ಗದ್ದೆಗಳ ನಡುವೆ ನಡೆದೆವು. ತಂಗಿ ನೀಲವ್ವ ಅಂಗಳದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ವಿಷಯ ಹೇಳಿದೆ. ಅವಳ ಕೈ ನಿಂತಿತು. ಮೊರವನ್ನು ಬದಿಗಿಟ್ಟಳು. ನನ್ನನ್ನು ಬಿಟ್ಟು ವಂಜಿರುವನ್ನು ನೋಡಿದಳು.

"ನೀ ಎಲ್ಲಿಂದೋ ಬಂದಾಕಿ. ಕೊಲಿಗಡುಕರ ಸುದ್ದಿ ನಿನಗ ಯಾಕ ಬೇಕಾತವ್ವಾ?"

ವಂಜಿರು ನನಗೂ ಹೇಳದಿದ್ದುದನ್ನು ಆಗ ಹೇಳಿದಳು. "ನಮ್ಮಪ್ಪನ್ನ ಕೊಂದ್ರರಿ. ನಾ ಸಣ್ಣಾಕಿದ್ದೆ. ಕೊಂದವ ಸಿಗಲಿಲ್ಲ. ಮನುಷ್ಯಾ ಯಾಕ ಹಂಗ ಮಾಡ್ತಾನ ಅಂತ ತಿಳ್ಕೋಬೇಕಾಗಿತ್ತು."

"ತಿಳೀತೇನ?"

"ಇನ್ನೂ ಇಲ್ಲರಿ."

"ನನಗ ತಿಳದೈತಿ" ಎಂದಳು ನೀಲವ್ವ. "ಯಾರು, ಯಾಕ, ಎಲ್ಲಾ ಗೊತ್ತೈತಿ. ಆದ್ರೂ ನಿದ್ದಿ ಬರೂದಿಲ್ಲ. ನಮ್ಮ ಮನಿಯವರು ನಕ್ಕದ್ದು, ಸಿಟ್ಟಾದದ್ದು ಮಂದಿ ಯಾರೂ ಮಾತಾಡೂದಿಲ್ಲ. ಹೆಂಗ ಸತ್ರು ಅನ್ನೂದಷ್ಟ ಮಾತಾಡ್ತಾರ."

ಅವಳು ಒಳಗೆ ಹೋದಳು. ಇನ್ನು ಹೊರಡೋಣವೆಂದು ನಾನು ಎದ್ದರೆ, ಎರಡು ತಾಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು. ತಾನೂ ಎದುರಿಗೆ ಕೂತು ಗಂಡನ ಬಗ್ಗೆ ಹೇಳತೊಡಗಿದಳು. ಎಮ್ಮೆಗೆ ಹೆದರುತ್ತಿದ್ದನಂತೆ. ಸಂತೆಯಿಂದ ಅವಳಿಗೆ ಬಳೆ ತಂದರೆ ಪ್ರತಿ ಸಲವೂ ಅಳತೆ ತಪ್ಪುತ್ತಿತ್ತಂತೆ. ಹೇಳುತ್ತ ಸೆರಗಿನಿಂದ ಕಣ್ಣೊರಸಿಕೊಂಡಳು, ನಗುತ್ತಲೂ ಇದ್ದಳು.

ಬಾಗಿಲವರೆಗೆ ಬಂದು ಉತ್ತರ ಕೊಟ್ಟಳು. "ಊರಿಗೆ ಬರ್ಲಿ. ಅವ್ವನ ಹೊಲದಾಗ ಗುಡಿಸಲೈತಿ, ಅಲ್ಲಿರ್ಲಿ. ನನ್ನ ಬಾಗಿಲಿಗೆ ಬರೂದು ಬ್ಯಾಡ. ಮುಂದ ನನ್ನ ಮನಸ್ಸು ಏನಂತದೋ, ಅದನ್ನ ಈಗ ಕೇಳಬ್ಯಾಡ್ರಿ."

ಬಸಪ್ಪನಿಗೆ ಆ ಮಾತನ್ನು ಹಾಗೆಯೇ ತಿಳಿಸಿದೆವು. ಬಿಡುಗಡೆಯಾದ ಮೇಲೆ ಅವನು ಹೊಲದ ಗುಡಿಸಲಿನಲ್ಲೇ ಉಳಿದನೆಂದು ಆಮೇಲೆ ಕೇಳಿದೆ.

ಅವತ್ತು ತಿರುಗಿ ಬರುವಾಗ ವಂಜಿರು ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದಳು. ಧಾರವಾಡದಲ್ಲಿ ಇಳಿದವಳೇ ಎಸ್‌ಟಿಡಿ ಐಎಸ್‌ಡಿ ಬೂತಿಗೆ ನಡೆದಳು. "ಅವ್ವಗ ಫೋನ್ ಮಾಡ್ತೀನಿ. ನಮ್ಮ ಮನ್ಯಾಗ ಅಪ್ಪನ ಹೆಸರು ಯಾರೂ ತಗೊಳ್ಳೂದಿಲ್ಲ."

ನಾನು ಹೊರಗೆ ಸಂಜೆಯ ಬಿಸಿಲಿನಲ್ಲಿ ನಿಂತೆ. ಗಾಜಿನಾಚೆ ಅವಳು ತನ್ನ ಭಾಷೆಯಲ್ಲಿ ಏನೋ ಕೇಳಿದಳು, ಆಮೇಲೆ ಬರೀ ಆಲಿಸಿದಳು. ಸ್ವಲ್ಪ ಹೊತ್ತಿಗೆ ಒಮ್ಮೆಲೇ ಜೋರಾಗಿ ನಕ್ಕಳು. ಹೊರಗೆ ಬಂದಾಗ ಕೆನ್ನೆಗಳು ಒದ್ದೆಯಾಗಿದ್ದವು.

"ನಮ್ಮಪ್ಪಗ ಹಾಡಾಕ ಬರ್ತಿದ್ದಿಲ್ಲಂತ. ಆದ್ರೂ ದಿನಾ ಹಾಡ್ತಿದ್ನಂತ."