ಗುಡ್ಡದೊಳಗಿನ ನೀರಿನ ದಾರಿ

ನಾನು ಆಕ್ಲೆಂಡಿನಲ್ಲಿ ಮನೆಮನೆಗೆ ಹೋಗುವ ನರ್ಸ್. ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದವರ ಗಾಯ ನೋಡುವುದು, ಪಟ್ಟಿ ಬದಲಿಸುವುದು, ಮಾತ್ರೆ ಸರಿಯಾಗಿ ನುಂಗುತ್ತಿದ್ದಾರೋ ಇಲ್ಲವೋ ವಿಚಾರಿಸುವುದು ನನ್ನ ಕೆಲಸ. ಹಾಗೆಯೇ ಹಿಲ್ಸ್‌ಬರೋದಲ್ಲಿ ಒಬ್ಬ ಹಿರಿಯರ ಮನೆಗೆ ಕೆಲವು ವಾರ ಹೋಗುತ್ತಿದ್ದೆ. ಮೊಣಕಾಲಿನ ಕೀಲು ಬದಲಿಸಿಕೊಂಡಿದ್ದರು. ಆಯುಷ್ಯವೆಲ್ಲ ಚರಂಡಿ ಪೈಪು ಹೂಳುವ ಕೆಲಸ ಮಾಡಿದವರು. ಅಂಗೈ ಹಲಗೆಯಂತೆ ಗಟ್ಟಿ. ನೋವು ಯಾವಾಗ ಹೋಗುತ್ತದೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಯಾವಾಗ ಬಗ್ಗಬಹುದು ಎಂದಷ್ಟೇ ಕೇಳುತ್ತಿದ್ದರು.

'ಬಗ್ಗಿ ಎಲ್ಲಿಗೆ ಹೋಗಬೇಕು ನಿಮಗೆ?' ಎಂದೆ ಒಂದು ದಿನ.

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಫೋಟೊ ತೋರಿಸಿದರು. ಜರಿಗಿಡಗಳ ನಡುವೆ ಗುಡ್ಡದ ಹೊಟ್ಟೆಯಲ್ಲಿ ಒಂದು ಕಪ್ಪು ಬಾಯಿ. ಎದೆಯೆತ್ತರವೂ ಇಲ್ಲ. ಆಕ್ಲೆಂಡಿನಿಂದ ಪೂರ್ವಕ್ಕಿರುವ ಕೊರಮಂಡಲ್ ಬೆಟ್ಟಗಳ ಕಡೆ, ಚಿನ್ನದ ಗಣಿಯವರು ಕೊರೆದ ಕಾಲುವೆಯ ಸುರಂಗವಂತೆ ಅದು. ಚಿನ್ನವಿರುವ ಬಿಳಿಕಲ್ಲು ಕುಟ್ಟುವ ಯಂತ್ರ ತಿರುಗಬೇಕಾದರೆ ನೀರು ಬೇಕು, ನೀರು ಇದ್ದದ್ದು ಗುಡ್ಡದ ಆಚೆ. ಹಾಗಾಗಿ ತೊರೆಯಿಂದ ಕಾಲುವೆ ತೋಡಿ, ಅಡ್ಡ ಬಂದ ಗುಡ್ಡವನ್ನು ಗುದ್ದಲಿಯಿಂದಲೇ ಕೊರೆದುಕೊಂಡು ಹೋಗಿದ್ದರು. ಚಿನ್ನ ಮುಗಿಯಿತು, ಯಂತ್ರ ಕಿತ್ತು ಮಾರಿದರು. ಆಮೇಲೆ ಕೆಳಗಿನ ಹೊಲದವರು ಅದೇ ನೀರನ್ನು ದನಗಳಿಗೆ ಬಳಸುತ್ತಿದ್ದರು. ಒಂದು ದೊಡ್ಡ ಮಳೆಗೆ ಸುರಂಗದ ಬಾಯಿ ಕುಸಿದದ್ದೇ ನೆಪ, ಪ್ಲಾಸ್ಟಿಕ್ ಪೈಪು ಬಂತು, ಕಾಲುವೆಯನ್ನು ಎಲ್ಲರೂ ಮರೆತರು. ಈಗ ಇವರೂ ಇವರಂಥ ಹತ್ತಾರು ಜನರೂ ಶನಿವಾರಗಳಲ್ಲಿ ಹೋಗಿ ಅದರ ಹೂಳು ತೆಗೆಯುತ್ತಿದ್ದರು. ಹೊಲದ ಒಡತಿ ಒಪ್ಪಿದ್ದರು. ನೀರು ಬಂದರೆ ತಗ್ಗಿನ ಒಣಗಿಹೋದ ಜೌಗಿನಲ್ಲಿ ನೆಟ್ಟ ಗಿಡಗಳಿಗೆ ಬಿಡುವುದು ಎಂದು ಮಾತಾಗಿತ್ತು.

'ಇಂಥದ್ದು ನಮ್ಮ ಅತ್ತೆಯವರ ಊರಲ್ಲೂ ಇದೆ' ಎಂದುಬಿಟ್ಟೆ. ಬಾಯಿಗೆ ಬಂದ ಮಾತು. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

ನನ್ನ ಅತ್ತೆ ಬೀದರದವರು. ಮಾವ ತೀರಿಕೊಂಡ ಮೇಲೆ ಮೌಂಟ್ ರಾಸ್ಕಿಲ್‌ನಲ್ಲಿ ನಮ್ಮ ಜೊತೆಗಿದ್ದಾರೆ. ಇಲ್ಲಿ ಅವರಿಗೆ ಬೇಸರವೇನೂ ಇಲ್ಲ. ಒಬ್ಬರೇ ಬಸ್ಸು ಹತ್ತಿ ನ್ಯೂ ಲಿನ್‌ಗೆ ಹೋಗಿ ಸೊಪ್ಪು ತರುತ್ತಾರೆ, ಇಲ್ಲಿಯವರು ಡೈರಿ ಎನ್ನುವ ಮೂಲೆಯ ಕಿರಾಣಿ ಅಂಗಡಿಯ ಗುಜರಾತಿ ಹೆಂಗಸಿನ ಜೊತೆ ತಮ್ಮ ದಖನಿ ಹಿಂದಿಯಲ್ಲಿ ಅರ್ಧ ಗಂಟೆ ಹರಟುತ್ತಾರೆ. ಅವರ ತವರಿನ ಹತ್ತಿರ ಸುಲ್ತಾನರ ಕಾಲದ ಸುರಂಗಬಾವಿ ಇದೆ. ಮೇಲೆ ಒಂದು ತಾಯಿಬಾವಿ. ಅದರಿಂದ ನೆಲದಡಿಯಲ್ಲಿ ಕಾಲುವೆ. ನಡುನಡುವೆ ಗಾಳಿಬೆಳಕಿಗೆ ಬಾವಿಯಂಥ ಕಂಡಿಗಳು. ಕೊನೆಗೆ ತಗ್ಗಿನಲ್ಲಿ ನೀರು ತಾನಾಗಿ ಹೊರಗೆ. ಹುಡುಗಿಯಾಗಿದ್ದಾಗ ಅತ್ತೆ ವರ್ಷಕ್ಕೊಮ್ಮೆ ಹೆಂಗಸರ ಜೊತೆ ಒಳಗಿಳಿದು ಪುಟ್ಟಿಯಲ್ಲಿ ಹೂಳು ಹೊತ್ತವರು. ಬೋರ್‌ವೆಲ್ ಬಂದ ಮೇಲೆ ಅಲ್ಲೂ ಕಸ ತುಂಬಿತ್ತು. ಕೆಲವು ವರ್ಷಗಳ ಹಿಂದೆ ಅದನ್ನು ಮತ್ತೆ ತೆಗೆದು ಸ್ವಚ್ಛ ಮಾಡಿದಾಗ ಅವರ ತಮ್ಮ ವಿಡಿಯೊ ಕಾಲ್‌ನಲ್ಲಿ ತೋರಿಸಿದ್ದ. ಅತ್ತೆ ಅಡುಗೆ ಬಿಟ್ಟು ನಿಂತು ನೋಡಿದ್ದರು.

ಮುದುಕರಿಗೆ ಬಗ್ಗಲು ಡಾಕ್ಟರ್ ಅಪ್ಪಣೆ ಸಿಕ್ಕಿ, ಅವರು ನನ್ನ ರೋಗಿಯಾಗಿರುವುದು ಮುಗಿದ ಮೇಲೆ, ಒಂದು ಶನಿವಾರ ಅತ್ತೆಯನ್ನು ಕರೆದುಕೊಂಡು ಹೊರಟೆ. ನನ್ನ ಗಂಡ ಕಾರು ಓಡಿಸಿದರು. ಗದ್ದೆಯಂತೆ ಕೆಸರಾದ ದಾರಿಯಲ್ಲಿ ಅತ್ತೆ ಸೀರೆ ಎತ್ತಿ ಕಟ್ಟಿ, ನನ್ನ ಹಳೆಯ ಗಂಬೂಟು ಹಾಕಿಕೊಂಡು ಮುಂದೆ ನಡೆದರು. ಸುರಂಗದ ಬಾಯಲ್ಲಿ ಟಾರ್ಚ್ ಬಿಟ್ಟು ನೋಡಿದವರೇ ಹಿಂದಕ್ಕೆ ಜಿಗಿದರು.

'ಯವ್ವಾ, ಹಾವು!'

'ಮೀನು, ಆಂಟಿ' ಎಂದರು ಮುದುಕರು. ಅತ್ತೆಗಿಂತ ಹತ್ತು ವರ್ಷ ದೊಡ್ಡವರಾದರೂ, ನಮ್ಮ ಬೀದಿಯವರೆಲ್ಲ ಹಾಗೆ ಕರೆಯುತ್ತಾರೆಂದು ನನ್ನಿಂದ ಕೇಳಿ ತಾವೂ ಆಂಟಿ ಎನ್ನುತ್ತಿದ್ದರು. ಹಾವಿನಂತೆಯೇ ಕಾಣುವ, ತೋಳಿನಷ್ಟು ದಪ್ಪದ ಈಲ್ ಮೀನು ಅದು. ನಾನು ಕನ್ನಡದಲ್ಲಿ ಹೇಳಿದೆ.

'ಮೀನದಂದ್ರ ನೀರು ಚಲೋ ಅವ' ಎಂದು ಅತ್ತೆ ಸಮಾಧಾನ ಮಾಡಿಕೊಂಡರು.

ಅಲ್ಲಿಂದ ತಿಂಗಳಿಗೆರಡು ಶನಿವಾರ ಹೋಗುವುದು ರೂಢಿಯಾಯಿತು. ಗಂಡಸರು ಹೆಂಗಸರು ಸಾಲಾಗಿ ನಿಂತು ಬಕೆಟ್ ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಗೋಡೆಯಲ್ಲಿ ಗುದ್ದಲಿಯ ಏಟುಗಳು ಈಗ ತಾನೇ ಹೊಡೆದಂತಿದ್ದವು. ಮೇಣದಬತ್ತಿ ಇಡಲು ಕೆತ್ತಿದ ಪುಟ್ಟ ಗೂಡುಗಳ ಮೇಲೆ ಮಸಿ ಇನ್ನೂ ಇತ್ತು. ಅತ್ತೆ ಆ ಮಸಿಯನ್ನು ಬೆರಳಿಂದ ಮುಟ್ಟಿ, ಮತ್ತೆ ಬಕೆಟ್ಟಿಗೆ ಕೈ ಹಾಕಿದರು. ಮಧ್ಯಾಹ್ನ ಅತ್ತೆ ಕಟ್ಟಿತಂದ ರೊಟ್ಟಿ, ಶೇಂಗಾ ಚಟ್ನಿ ಎಲ್ಲರಿಗೂ ಹಂಚಿಕೆಯಾಗುತ್ತಿತ್ತು. ಮೊದಲ ದಿನ ಚಟ್ನಿಪುಡಿಯ ಖಾರಕ್ಕೆ ನೀರಿಳಿದು ಕಣ್ಣೊರೆಸಿಕೊಂಡ ಮುದುಕರು ಮೂರನೇ ಸಲಕ್ಕೆ ತಾವೇ ಡಬ್ಬಿ ಹುಡುಕತೊಡಗಿದರು.

ಸುರಂಗ ಪೂರ್ತಿ ತೆರವಾದ ದಿನ ತೊರೆಗೆ ಅಡ್ಡಲಾಗಿ ಹಲಗೆ ಇಳಿಸಿ ನೀರು ತಿರುಗಿಸಿದೆವು. ನೀರು ಗುಳುಗುಳು ಎನ್ನುತ್ತ ಗುಡ್ಡದೊಳಗೆ ಹೋಯಿತು. ನಾವೆಲ್ಲ ಆಚೆ ಬದಿಗೆ ಓಡಿ ಕಾದೆವು. ಹತ್ತು ನಿಮಿಷ. ಅರ್ಧ ಗಂಟೆ. ಒಂದು ತೆಳು ಎಳೆ ಬಂತು, ಹಲ್ಲುಜ್ಜುವಾಗ ನಲ್ಲಿಯಿಂದ ಬರುವಷ್ಟು. ಅಷ್ಟೇ. ತಂದಿದ್ದ ಕೇಕನ್ನು ಯಾರೂ ಕತ್ತರಿಸಲಿಲ್ಲ.

'ತಳದಲ್ಲಿ ಬಿರುಕಿರಬೇಕು' ಎಂದರು ಮುದುಕರು. ಮುಖ ಸಣ್ಣದಾಗಿತ್ತು. 'ಇಷ್ಟುದ್ದ ಸುರಂಗದಲ್ಲಿ ಎಲ್ಲಿ ಅಂತ ಹುಡುಕುವುದು?'

ಮುಂದಿನ ಶನಿವಾರ ಅತ್ತೆ ಒಂದು ದೊಡ್ಡ ಪೊಟ್ಟಣ ಅರಿಶಿನ ತಂದಿದ್ದರು. ನೀರಿಗೆ ಹಾಕಿ, ಹಳದಿ ನೀರು ಎಲ್ಲಿ ಜಿನುಗುತ್ತದೆ ನೋಡೋಣ ಎಂದು. ಈಲ್‌ಗಳಿಗೆ ಏನೂ ಆಗುವುದಿಲ್ಲ ತಾನೇ ಎಂದು ಮುದುಕರು ನನ್ನನ್ನು ಎರಡು ಸಲ ಕೇಳಿ ಒಪ್ಪಿದರು. ಅರಿಶಿನವೆಲ್ಲ ಸುರಿದಾಯಿತು. ನೀರು ಮೊದಲೇ ಕೆಂಪುಮಣ್ಣಿನ ಬಣ್ಣ. ಹಳದಿ ಯಾವುದು, ಮಣ್ಣು ಯಾವುದು, ಯಾರಿಗೂ ತಿಳಿಯಲಿಲ್ಲ. ಅತ್ತೆಯ ಸೀರೆಯ ಅಂಚು ಮಾತ್ರ ಚೆನ್ನಾಗಿ ಹಳದಿಯಾಯಿತು. ಹಿಂದಿದ್ದ ಯಾರೋ ನಕ್ಕರು. ನನಗೆ ಮುಜುಗರವಾಗಿ, 'ಅತ್ತಿ, ಸಾಕ್ರಿ, ಅವರಿಗೆ ಗೊತ್ತಿರ್ತದ, ಬಿಡ್ರಿ' ಎಂದೆ.

ಅತ್ತೆ ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಗುಡ್ಡವನ್ನು ಕೆಳಗಿನಿಂದ ಮೇಲೆ ನೋಡುತ್ತ ನಿಂತಿದ್ದರು.

'ಇಷ್ಟು ಉದ್ದ ಸುರಂಗಕ್ಕ ಎರಡೇ ಬಾಯಿ? ನಡುವ ಕಂಡಿ ಇಲ್ದ ಯಾರರ ಕಡೀತಾರೇನು? ಕಡದ ಮಣ್ಣು ಹ್ಯಾಂಗ ಹೊರಗ ತಂದ್ರಂತ? ಕೇಳವಾ ಆ ಅಣ್ಣಗ.'

ಕೇಳಿದೆ. ಮುದುಕರು ಹ್ಯಾಟ್ ತೆಗೆದು ತಲೆ ಕೆರೆದುಕೊಂಡು, ಒಂದೊಂದಾಗಿ ಲೆಕ್ಕ ಹಾಕತೊಡಗಿದರು. ಬೀದರದಲ್ಲಿ ನೆಲ ಸಪಾಟು, ಕಂಡಿ ಮೇಲಕ್ಕೆ ತೆರೆಯುತ್ತದೆ. ಇಲ್ಲಿ ಗುಡ್ಡ ಕಡಿದಾಗಿದೆ, ಮೇಲಕ್ಕೆ ಕೊರೆಯಲಾಗದು. ಆದರೆ ಪಕ್ಕಕ್ಕೆ? ಪಕ್ಕದ ಕಮರಿಗೆ ಒಂದು ಕಂಡಿ ತೆಗೆದರೆ ಮಣ್ಣು ನೇರ ಕೆಳಗೆ ಸುರಿಯಬಹುದು. ಕೆಲಸ ಮುಗಿದ ಮೇಲೆ ಮರದಿಂದ ಮುಚ್ಚಿರಬಹುದು. ಆ ಮರ ಇಷ್ಟು ವರ್ಷಗಳಲ್ಲಿ ಕೊಳೆತಿರಬಹುದು.

'ನಾನು ಐವತ್ತು ವರ್ಷ ಚರಂಡಿ ತೋಡಿದವನು' ಎಂದರು ನನಗೆ, 'ಇದನ್ನು ನಾನೇ ಕೇಳಿಕೊಳ್ಳಬೇಕಿತ್ತು.'

ಈ ಸಲ ಅತ್ತೆ ತವರಿನ ರೀತಿಯನ್ನೇ ಹಿಡಿದರು. ಅಲ್ಲಿ ಜೋಳದ ಹೊಟ್ಟು ತೇಲಿಬಿಟ್ಟು ನೀರಿನ ಜಾಡು ನೋಡುತ್ತಿದ್ದರಂತೆ. ಇಲ್ಲಿ ಹೊಲದ ಒಡತಿ ಕುದುರೆಗೆ ಇಟ್ಟಿದ್ದ ಓಟ್ಸ್ ಹೊಟ್ಟಿನ ಒಂದು ಚೀಲ ಕೊಟ್ಟರು. ಹೊಟ್ಟು ಒಳಗೆ ಹೋಯಿತು. ನಾವು ಕಮರಿಯ ಇಳಿಜಾರಿನಲ್ಲಿ ಹರಡಿ ನಿಂತೆವು. ಒದ್ದೆ ಎಲೆ, ಮುಳ್ಳು, ಒಂದು ಕಾಲಿಟ್ಟರೆ ಇನ್ನೊಂದು ಜಾರುತ್ತಿತ್ತು. ಬಹಳ ಹೊತ್ತಾದ ಮೇಲೆ ಜರಿಗಿಡಗಳ ಒಳಗಿನಿಂದ ನನ್ನ ಗಂಡ ಕೂಗಿದರು, 'ಅವ್ವಾ! ಹೊಟ್ಟು ಬಂತು! ಇಲ್ಲಿ ಅದ ನೋಡು!'

ಗಿಡ ಸರಿಸಿದರೆ, ಕೊಳೆತ ಹಲಗೆಗಳ ಸಂದಿನಿಂದ ನೀರು ಧಾರೆಧಾರೆಯಾಗಿ ಸುರಿಯುತ್ತಿತ್ತು, ಹೊಟ್ಟಿನ ನೊರೆ ಹೊತ್ತುಕೊಂಡು. ನಮಗಿಂತ ಮೊದಲು ಅತ್ತೆ ಅಲ್ಲಿದ್ದರು. ಅಷ್ಟು ಇಳಿಜಾರಿನಲ್ಲಿ ಹೇಗೆ ಬಂದರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಆ ಕಮರಿಗೆ ಸಿಮೆಂಟ್ ಹೊತ್ತು ತರುವುದು ಕಷ್ಟ. ಕಲ್ಲು ಜೋಡಿಸಿ ಜೇಡಿಮಣ್ಣು ಮೆತ್ತುವುದೆಂದಾಯಿತು. ಅತ್ತೆ ಗಂಬೂಟು ಬಿಚ್ಚಿ, ಮಣ್ಣಿಗೆ ನೀರು ಚಿಮುಕಿಸಿ ತುಳಿಯತೊಡಗಿದರು. ಮುದುಕರು ಸ್ವಲ್ಪ ಹೊತ್ತು ನೋಡಿ, ತಾವೂ ಬೂಟು ಕಳಚಿದರು. ಹುಡುಗರಾಗಿದ್ದಾಗ ತಮ್ಮ ಮೇಸ್ತ್ರಿ ಹೀಗೆಯೇ ತುಳಿಸುತ್ತಿದ್ದನಂತೆ.

'ಹೊಸ ಮೊಣಕಾಲು, ಹುಷಾರು' ಎಂದೆ.

'ಈಗ ನೀವು ನನ್ನ ನರ್ಸ್ ಅಲ್ಲ' ಎಂದರು.

ಇಬ್ಬರೂ ಎದುರುಬದುರು ನಿಂತು ಮಣ್ಣು ತುಳಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮಣ್ಣು ಹದಕ್ಕೆ ಬಂದದ್ದು ಮಾತ್ರ ಇಬ್ಬರಿಗೂ ಒಂದೇ ಸಲ ತಿಳಿಯಿತು. ಇಬ್ಬರೂ ಒಟ್ಟಿಗೆ ನಿಂತರು. ಪಕ್ಕದಲ್ಲಿ ಅನುವಾದ ಮಾಡಲು ಸಿದ್ಧಳಾಗಿ ನಿಂತಿದ್ದ ನನಗೆ ಕೆಲಸವೇ ಇರಲಿಲ್ಲ.

ಎರಡು ವಾರ ಬಿಟ್ಟು ಮತ್ತೆ ನೀರು ಬಿಟ್ಟೆವು. ಈ ಸಲ ಯಾರೂ ಕೇಕು ತಂದಿರಲಿಲ್ಲ. ಮೊದಲು ಸುರಂಗದೊಳಗಿನಿಂದ ತಣ್ಣನೆ ಗಾಳಿ ಬಂತು, ಅದರ ಹಿಂದೆ ಸದ್ದು, ಆಮೇಲೆ ಎಲೆಕಸ ತಳ್ಳಿಕೊಂಡು ಕೆಂಪು ನೀರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಕಾಲುವೆಯ ಪಕ್ಕದಲ್ಲೇ ನೀರಿನ ಜೊತೆ ನಡೆಯತೊಡಗಿದೆವು, ಅದು ತಗ್ಗಿನ ಗಿಡಗಳ ಬುಡ ಸೇರುವವರೆಗೆ. ಹೊಲದ ಒಡತಿ ತಮ್ಮ ಯೂಟ್ ಗಾಡಿ ನಿಲ್ಲಿಸಿ ಇಳಿದು ಬಂದು ಅತ್ತೆಯನ್ನು ಅಪ್ಪಿಕೊಂಡರು. ಅತ್ತೆಗೆ ಸಂಕೋಚ, ಕೈ ಎಲ್ಲಿಡಬೇಕೋ ತಿಳಿಯದೆ ಅವರ ಬೆನ್ನು ತಟ್ಟಿದರು.

ಹಿಂತಿರುಗುವಾಗ ಕಾರಿನಲ್ಲಿ, ಅವತ್ತು 'ಸಾಕ್ರಿ' ಎಂದದ್ದಕ್ಕೆ ತಪ್ಪಾಯಿತು ಎಂದೆ.

'ಅರಿಶಿಣದ್ದು ನಂದೂ ತಪ್ಪೇ ಬಿಡವಾ' ಎಂದರು. 'ಸುಮ್ಮ ಹಾಳಾತು.'

ಈಗಲೂ ತಿಂಗಳಿಗೊಮ್ಮೆ ಹೋಗುತ್ತೇವೆ. ನೀರು ತಿಳಿಯಾಗಿದೆ. ತೊರೆಯ ಹಲಗೆಗೆ ಸಿಕ್ಕಿದ ಎಲೆ ಬಾಚುವುದು, ಕಾಲುವೆಯ ಅಂಚು ಸರಿಮಾಡುವುದು, ಇಷ್ಟೇ ಕೆಲಸ. ಅಂಚಿನ ಮಣ್ಣನ್ನು ಯಾವ ಕಡೆ ಹಾಕಬೇಕೆಂದು ಅತ್ತೆಗೂ ಮುದುಕರಿಗೂ ಪ್ರತಿ ಸಲ ಜಗಳ. ಒಬ್ಬರು ಕನ್ನಡದಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ. ನಾನು ಹುಲ್ಲಿನ ಮೇಲೆ ಕೂತು ರೊಟ್ಟಿ ತಿನ್ನುತ್ತ ಕೇಳುತ್ತಿರುತ್ತೇನೆ.