ದೊಡ್ಡದಾಗುವ ದೀಪ

ಟಪ್ ಟಪ್ ಟಪ್ ಎಂದು ಹಿಟ್ಟಿನ ಗಿರಣಿಯ ಬೆಲ್ಟು ಬೆಳಗಿನಿಂದ ಬಡಿದುಕೊಳ್ಳುತ್ತಿರುತ್ತದೆ. ಗಿರಣಿಗೂ ಮಹೇಶ್ವರಿಯ ಮನೆಗೂ ಒಂದೇ ಗೋಡೆ. ಶಿರಸಿಯ ಆ ಓಣಿಯಲ್ಲಿ ಉಳಿದವರಿಗೆ ಅದು ಬರೀ ಸದ್ದು; ಮಹೇಶ್ವರಿಗೆ ಗಡಿಯಾರ. ಬೆಲ್ಟು ಓಡುವಾಗ ಅಡುಗೆಮನೆಯ ಕಟ್ಟೆ ಸಣ್ಣಗೆ ನಡುಗುತ್ತದೆ, ಅಚ್ಚಿಗೆ ಸುರಿದ ಸೋಪಿನ ಚಿತ್ರ ಕದಡುತ್ತದೆ. ಹಾಗಾಗಿ ಆರು ವರ್ಷದಿಂದ ಅವಳು ಸೋಪು ಸುರಿಯುವುದು ಮಧ್ಯಾಹ್ನ, ಗಿರಣಿಯವರು ಊಟಕ್ಕೆ ಎದ್ದ ಮೇಲೆ.

ಕಾನಸೂರಿನ ಶಿವರಂಜನಿ, ಮಗಳ ಮದುವೆಗೆ ಬರುವ ಹೆಂಗಸರಿಗೆ ಕೊಡಲು ಇನ್ನೂರು ಸೋಪು ಹೇಳಿದ್ದರು. ಅಷ್ಟು ದೊಡ್ಡ ಕೆಲಸ ಮಹೇಶ್ವರಿಗೆ ಬಂದದ್ದು ಅದೇ ಮೊದಲು. ಕೊಬ್ಬರಿ ಎಣ್ಣೆ, ಮುರುಗಲು ಹಣ್ಣಿನ ಬೀಜದ ತುಪ್ಪದ ಬಿಳಿ ಸೋಪು. ಮೇಲೆ ಅರಿಶಿನ ಬಣ್ಣದಲ್ಲಿ ಒಂದು ದೀಪದ ಕುಡಿ. ಮಾದರಿ ನೋಡಿ ಶಿವರಂಜನಿ ಒಪ್ಪಿದ್ದರು. ಅಂಥದ್ದೇ ಒಂದನ್ನು ಮಹೇಶ್ವರಿ ಅತ್ತೆ ಮುರಿಗೆವ್ವನಿಗೆಂದು ಬಚ್ಚಲಲ್ಲಿ ಇಟ್ಟಳು.

ನಾಲ್ಕನೆಯ ದಿನ ಮುರಿಗೆವ್ವ ಒದ್ದೆ ಸೋಪನ್ನು ಅಂಗೈಯಲ್ಲಿಟ್ಟುಕೊಂಡು ಹೊರಗೆ ಬಂದರು. ಕುಡಿ ಅಳಿಸಿಹೋಗಿತ್ತು.

"ಮದಿವಿ ಮನಿ ದೀಪಾನ ನನ್ನ ಕೈಲೇ ಆರಿಸಿಬಿಟ್ಟೆಲ್ಲವಾ," ಎಂದರು. "ದೀಪ ದೊಡ್ಡದು ಮಾಡು ಅಂತೀವಿ. ಆರಸು ಅಂತ ಬಾಯಾಗ ಸೈತ ಅನ್ನಂಗಿಲ್ಲ."

ಶಿವರಂಜನಿ ತಪ್ಪು ಹಿಡಿದಿರಲಿಲ್ಲ, ಮಹೇಶ್ವರಿ ಸುಮ್ಮನಿದ್ದರೂ ನಡೆಯುತ್ತಿತ್ತು. ಸೋಪು ಒಣಗಲು ಆರು ವಾರ ಬೇಕು. ಆ ಶನಿವಾರದೊಳಗೆ ಸುರಿಯದಿದ್ದರೆ ಮದುವೆಗೆ ಸಿಗುವಂತಿರಲಿಲ್ಲ. ದೀಪ ಬಿಟ್ಟು ಹೂವು ಮಾಡಬಹುದಿತ್ತು. ಅವಳು ಮಾಡಲಿಲ್ಲ. ಅತ್ತೆಯ ಮಾತನ್ನೇ ಹಿಡಿದು ಕೂತಳು: ದೀಪ ದೊಡ್ಡದಾಗಬೇಕು.

ಬಣ್ಣ ಮೇಲಷ್ಟೇ ಇದ್ದರೆ ಸಾಲದು, ಒಳಗೂ ಇರಬೇಕು. ಹಳದಿ ಸೋಪಿನ ತುಂಡನ್ನು ಮದ್ದಳೆಯ ಹಾಗೆ ಕೆತ್ತಿದಳು: ತುದಿ ಎರಡೂ ಸಣ್ಣ, ನಡು ದಪ್ಪ. ಅದನ್ನು ಅಚ್ಚಿನಲ್ಲಿ ನಿಲ್ಲಿಸಿ ಸುತ್ತ ಬಿಳಿಯದನ್ನು ಸುರಿದಳು. ಮೊದಲನೆಯದು ವಾಲಿತು. ಎರಡನೆಯದರಲ್ಲಿ ಹಳದಿಗೆ ಬಿಳಿ ಅಂಟದೆ, ನಡುವೆ ಕೊಯ್ದು ತಟ್ಟಿದರೆ ಕುಡಿ ಉದುರಿತು. ಅತ್ತೆ ಅದನ್ನು ಹೆಕ್ಕಿ, ಹಲ್ಲು ಬಿತ್ತು ನೋಡವಾ ಎಂದು ನಕ್ಕರು. ಹಳದಿ ತೀರ ಒಣಗುವ ಮೊದಲೇ ಬಿಳಿ ಸುರಿಯಬೇಕೆಂದು ಹೊಳೆದದ್ದು ಗುರುವಾರ. ಅಂದು ಸುರಿದ ಮೂರನೆಯದರಲ್ಲಿ ಕುಡಿ ನೆಟ್ಟಗೆ ನಿಂತಿತು, ತಟ್ಟಿದರೂ ಉದುರಲಿಲ್ಲ. ಶುಕ್ರವಾರವಿಡೀ ಅತ್ತೆ ಸೊಸೆ ಕೂತು ಇನ್ನೂರು ಕುಡಿ ಕೆತ್ತಿ ಅಚ್ಚುಗಳಲ್ಲಿ ನಿಲ್ಲಿಸಿದರು.

ಶನಿವಾರ, ಫೋನು ಮಾಡಿದ್ದಕ್ಕೆ, ಶಿವರಂಜನಿ ಬಂದರು. ಮಹೇಶ್ವರಿ ಗುರುವಾರದ ಸೋಪನ್ನು ಈಳಿಗೆಗೆ ಹಿಡಿದು ಒಂದೊಂದೇ ತೆಳು ಪದರ ತೆಗೆದಳು. ಭತ್ತದಷ್ಟಿದ್ದ ಕುಡಿ ಬಾದಾಮಿಯಷ್ಟಾಯಿತು, ಆಮೇಲೆ ವೀಳ್ಯದ ಚಿಗುರಷ್ಟು.

"ಎಂತ ಮಾರಾಯ್ತಿ, ಸವೆದಷ್ಟೂ ದೊಡ್ಡಾಗ್ತದಲ್ಲೇ."

ಇನ್ನೂರೂ ಹೀಗೇ ಇರಲಿ ಎಂದರು ಶಿವರಂಜನಿ. ಸೋಪು ಪೂರ್ತಿ ಸವೆಯುವ ಹೊತ್ತಿಗೆ ದೀಪ ಏನಾಗುತ್ತದೆ ಎಂದೂ ಕೇಳಿದರು.

"ಅದೇನಿಲ್ರಿ, ಕಡೀಕ ಬಿಳೀದೆಲ್ಲ ಹೋಗಿ ಕೈಯಾಗ ಬರೇ—"

ಗೋಡೆಯಾಚೆ ಬೆಲ್ಟು ನಿಂತಿತು. ಮಹೇಶ್ವರಿ ಮಾತನ್ನು ಅಲ್ಲೇ ಬಿಟ್ಟು, ಅಚ್ಚುಗಳಿಗೆ ಬಿಳಿ ಸುರಿಯಲು ಒಳಗೆ ನಡೆದಳು.