ತೆರೆಯಲೊಲ್ಲದ ಕಸೂತಿ

ಅಂಗಡಿಯ ಶಟರ್ ಎತ್ತಿದ ಕೂಡಲೇ ಶಾಜಿಯಾ ಮಾಡುವ ಮೊದಲ ಕೆಲಸ ಬಾಗಿಲ ಬದಿಯ ಮಣ್ಣಿನ ಹರವಿಗೆ ನೀರು ತುಂಬುವುದು. ಒಳಗೆಲ್ಲ ಕೈಯಾಡಿಸಿ ತೊಳೆದು, ಹೊಸ ನೀರು ಹಾಕಿ, ತಟ್ಟೆ ಮುಚ್ಚಿ, ಅದರ ಮೇಲೆ ಲೋಟ ಬೋರಲು ಇಡುತ್ತಾಳೆ. ರಂಜಾನಿನಲ್ಲಿ ತಾನು ಹನಿ ನೀರು ಮುಟ್ಟದ ದಿನಗಳಲ್ಲೂ ಇದು ತಪ್ಪಿದ್ದಿಲ್ಲ.

ಗಬ್ಬೂರ ಬೈಪಾಸಿನ ಹತ್ತಿರದ ಆ ಸಣ್ಣ ಅಂಗಡಿ ಅವಳ ತಂದೆ ಅಮೀನಸಾಬರದು. ಅವರು ರೇಡಿಯೋ ರಿಪೇರಿ ಮಾಡುತ್ತಿದ್ದರು. ತಂದವರ ರೇಡಿಯೋವನ್ನು ಎಂದೂ ಕೂಡಲೇ ಬಿಚ್ಚಿದವರಲ್ಲ. ತಂದವರನ್ನು ಕೂಡಿಸಿ, ಅದು ಯಾವಾಗ ಕೆಟ್ಟಿತು, ಆಗ ಮನೆಯಲ್ಲಿ ಏನು ನಡೆದಿತ್ತು ಎಂದೆಲ್ಲ ಕೇಳುತ್ತಿದ್ದರು. ರೇಡಿಯೋಗಳ ಕಾಲ ಮುಗಿಯಿತು, ಅವರ ಕೈಯೂ ನಡುಗತೊಡಗಿತು. ಶಾಜಿಯಾ ಕೆಟ್ಟ ಫೋನುಗಳನ್ನು ಬಿಚ್ಚುತ್ತ, ಜೋಡಿಸುತ್ತ, ಕೆಲವನ್ನು ಇನ್ನಷ್ಟು ಕೆಡಿಸುತ್ತ ತಾನೇ ಕೆಲಸ ಕಲಿತಳು. ಕೂಡಿಸಿ ಕೇಳುವುದನ್ನು ಮಾತ್ರ ತಂದೆಯಿಂದ ಕಲಿತಿದ್ದಳು.

ಶ್ರಾವಣದ ಒಂದು ಬೆಳಿಗ್ಗೆ ಶಿವಬಸವ್ವ ತಮ್ಮ ಸೊಸೆ ಶಾಂಭವಿಯೊಂದಿಗೆ ಬಂದರು. ಅದೇ ಓಣಿಯವರು, ಇಳಕಲ್ ಸೀರೆಗೆ ಕಸೂತಿ ಹಾಕುವುದರಲ್ಲಿ ಹೆಸರಾದವರು. ಫೋನನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಿದ್ದರು.

“ಕಸೂತಿ ತೆರೀವಲ್ದು, ಯವ್ವಾ,” ಎಂದರು.

ಶಾಜಿಯಾ ಸ್ಟೂಲು ಎಳೆದು ಹಾಕಿದಳು. “ಕೂಡ್ರಿ ಅವ್ವಾರ. ನೀರ ಕುಡೀರಿ. ಮೊದಲಿಂದ ಹೇಳ್ರಿ.”

“ಹೇಳೂದೇನೈತ್ರಿ?” ಎಂದಳು ಶಾಂಭವಿ. “ಆ್ಯಪ್ ಒತ್ತಿದ್ರ ಬೆಳ್ಳಗ ಆಗ್ತದ, ಹಂಗ ಮುಚ್ಚಿಕೋತದ. ತಗದು ಮತ್ತ ಹಾಕೂಣು ಅಂದ್ರ ನನ್ನ ಕೈಯಾಗ ಫೋನ್ ಕೊಡವಲ್ರು.”

“ನಿನ್ನ ಕೈಯಾಗ ಸೀರಿ ಕೊಟ್ಟಿದ್ದೆ. ಡಬರಿ ಆಗಿ ಬಂತು,” ಎಂದರು ಶಿವಬಸವ್ವ.

ಶಾಂಭವಿ ರಸ್ತೆಯ ಕಡೆ ನೋಡತೊಡಗಿದಳು. ಶಾಜಿಯಾ ಕಾಯ್ದಳು. ಕಥೆ ಮೆಲ್ಲಗೆ ಹೊರಬಂತು.

ಶಿವಬಸವ್ವನ ಅತ್ತೆಯ ಮದುವೆ ಸೀರೆಯ ಸೆರಗಿನಲ್ಲಿ ಒಂದು ಜೋಡಿ ನವಿಲುಗಳಿದ್ದವು. ಅಂಥ ನವಿಲು ಬೇರೆಲ್ಲೂ ಅವರು ಕಂಡಿರಲಿಲ್ಲ. ಕಸೂತಿ ಎಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ. ಅಳತೆಗೆಂದು ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ. ಕಣ್ಣು ಮಂಜಾಗಿ ಹಳೆಯ ಸೀರೆಯ ಎಳೆ ಎಣಿಸುವುದು ಕಷ್ಟವಾದಾಗ, ಚೌಕಗಳ ಮೇಲೆ ಚಿತ್ರ ಬರೆಯುವ ಒಂದು ಆ್ಯಪನ್ನು ಶಾಂಭವಿಯೇ ಹುಡುಕಿ ಕಲಿಸಿದ್ದಳು. ಬೆರಳಿನಿಂದ ಹಿಗ್ಗಿಸಿದರೆ ಒಂದೊಂದು ಚೌಕವೂ ಕಡಲೆ ಬೇಳೆಯಷ್ಟು ದೊಡ್ಡದಾಗುತ್ತಿತ್ತು. ಬೇಸಿಗೆಯೆಲ್ಲ ಕೂತು ಅವರು ಆ ನವಿಲುಗಳನ್ನು ಫೋನಿಗೆ ಇಳಿಸಿದರು. ಕಾರ್ತಿಕದಲ್ಲಿ ಮೊಮ್ಮಗಳ ಮದುವೆ; ಅವಳ ಸೀರೆಯ ಮೇಲೆ ಅವೇ ನವಿಲು ಬರಬೇಕು. ನವಿಲು ಫೋನು ಸೇರಿದ ಮೇಲೆ ಚಿಂದಿಯಾಗಿದ್ದ ಹಳೆಯ ಸೀರೆಯನ್ನು ಪಾತ್ರೆ ಮಾರುವವಳಿಗೆ ಕೊಟ್ಟು, ಬದಲಿಗೆ ಒಂದು ಡಬರಿ ತೆಗೆದುಕೊಂಡಾಗಿತ್ತು.

“ನಿಮ್ಮನ್ನ ಕೇಳೇ ಕೊಟ್ಟೇನ್ರಿ ಅತ್ತಿ. ಡಬರಿ ಆರಿಸಿದವರೂ ನೀವ.”

“ಆರಿಸಿದೆ. ಛಲೋ ಡಬರಿ. ಅದಕ್ಕ ನೋಡಿದ್ರ ಹೊಟ್ಟಿ ಉರೀತೈತಿ.”

“ಕಡೀಕ ಯಾವಾಗ ತೆರದಿತ್ರಿ?” ಎಂದಳು ಶಾಜಿಯಾ.

“ಸೋಮವಾರ. ಬರಕೋತ ಕುಂತಿದ್ದೆ. ಪೂಜಾದ ಹೊತ್ತಾತು, ಗುಂಡಿ ಒತ್ತಿ ಹಿಡದು ಫೋನ್ ಬಂದ್ ಮಾಡಿದೆ.”

“ಅದಕ್ಕಿಂತ ಮೊದಲ ಏನರ ಬರದು ತೋರಸ್ತಿತ್ತೇನ್ರಿ?”

“ಜಾಗ ಇಲ್ಲ ಅಂತ ದಿನಾ ಅಂತಿತ್ತು. ಬಸ್ಸಿನ್ಯಾಗ ಕಂಡಕ್ಟರನೂ ಹಂಗ ಅಂತಾನ. ನಾವು ಹತ್ತೂದಿಲ್ಲೇನು?”

ಶಾಜಿಯಾ ನಗು ತಡೆದುಕೊಂಡು ಫೋನಿನ ಸೆಟ್ಟಿಂಗ್ಸ್ ತೆರೆದಳು. ಆ ಆ್ಯಪಿನ ಪುಟದಲ್ಲಿ ಅಳಿಸುವ ಗುಂಡಿಗಳು ಎರಡು ಕಂಡವು.

“ಎರಡೂ ಒತ್ತಿಬಿಡ್ರಿ,” ಎಂದು ಶಾಂಭವಿ ಬಗ್ಗಿದಳು.

ಶಾಜಿಯಾ ಫೋನನ್ನು ತುಸು ಹಿಂದಕ್ಕೆಳೆದುಕೊಂಡಳು. “ತಡೀರಿ ಅಕ್ಕಾರ. ಇದು ಕ್ಯಾಶ್. ಅಡಿಗಿ ಮಾಡೂಮುಂದ ಲಗೂ ಕೈಗೆ ಸಿಗಲಿ ಅಂತ ಉಳ್ಳಾಗಡ್ಡಿ ಹೆಚ್ಚಿ ಬಾಜೂಕ ಇಟ್ಟಿರ್ತೀರಲ್ಲ, ಹಂಗ. ಜಾಗ ಸಾಲದ ಅರ್ಧಾಮರ್ಧ ಬರದು ಅದು ಕೆಟ್ಟದ. ಚೆಲ್ಲಿದ್ರ ಆ್ಯಪ್ ತಾನ ಮತ್ತ ಹೆಚ್ಚಿಕೋತದ. ಈ ಇನ್ನೊಂದು ಡೇಟಾ. ಇದು ಜ್ವಾಳದ ಚೀಲ. ನವಿಲು ಇದರಾಗ ಅದಾವ. ಆ್ಯಪ್ ತಗದು ಹಾಕಿದ್ರೂ ಚೀಲಾನೇ ಹೋಗ್ತದ.”

ಶಾಂಭವಿ ಚಾಚಿದ ಬೆರಳನ್ನು ಮಡಚಿಕೊಂಡಳು.

ಶಾಜಿಯಾ ಕ್ಯಾಶ್ ಮಾತ್ರ ಅಳಿಸಿ ಆ್ಯಪ್ ಒತ್ತಿದಳು. ಪರದೆ ಬೆಳ್ಳಗಾಯಿತು, ಮುಚ್ಚಿಕೊಂಡಿತು. ಶಿವಬಸವ್ವ ಕಣ್ಣು ಮುಚ್ಚಿದರು.

“ಹೆಚ್ಚಾಕ ಕಟ್ಟಿ ಮ್ಯಾಲೆ ಜಾಗ ಇಲ್ರಿ, ಅಷ್ಟ,” ಎನ್ನುತ್ತ ಶಾಜಿಯಾ ಫೋನಿನ ಚಿತ್ರಗಳನ್ನು ತೆರೆದಳು. ಎಲ್ಲಿ ನೋಡಿದರೂ ದೇವರು. ಭಜನಾ ಗುಂಪಿನವರು ದಿನವೂ ಕಳಿಸಿದ ಶುಭೋದಯದ ಚಿತ್ರಗಳು: ವೀರಭದ್ರ, ಎಲ್ಲಮ್ಮ, ದೀಪಗಳು, ಮತ್ತೆ ವೀರಭದ್ರ.

“ಇವನ್ನ ತಗದಿಲ್ರಿ?”

“ದೇವರನ್ನ ಅಳಸೂದು ಹ್ಯಾಂಗ, ಮಗಳ? ವೀರಭದ್ರನ ಮಾರಿ ಮ್ಯಾಲೆ ಬೆರಳಿಟ್ಟು ಹೋಗು ಅನ್ನೂದಾ?”

ಶಾಜಿಯಾಳ ಬೆರಳೂ ಅಲ್ಲಿಯೇ ನಿಂತಿತು. ಇನ್ನೊಬ್ಬರ ದೇವರನ್ನು ತಾನು ಅಳಿಸಲಾರಳು. “ನನ್ನ ಕಂಪ್ಯೂಟರಿನ್ಯಾಗ ತಗದು ಇಡ್ಲೇನ್ರಿ?”

“ಯಾರೂ ನೋಡದ ಡಬ್ಬಿಯೊಳಗ ಕೂಡಿಹಾಕ್ತೀ? ಅದೂ ಬ್ಯಾಡ.”

ಶಾಜಿಯಾ ಫೋನನ್ನು ಕೆಳಗಿಟ್ಟಳು. ಬೈಪಾಸಿನಲ್ಲಿ ಲಾರಿಗಳು ಹಾಯ್ದವು. ಆಮೇಲೆ ಮೆಲ್ಲಗೆ ಕೇಳಿದಳು: “ಅವ್ವಾರ, ಪೂಜಾಕ್ಕ ಇಟ್ಟ ಹೂವ ಮರುದಿನ ಏನ್ ಮಾಡ್ತೀರಿ?”

“ತಗೀತೀನಿ. ಬಾಡಿದ್ದು ದೇವರ ಜಗಲಿ ಮ್ಯಾಲೆ ಇಡಬಾರದು. ಗಿಡದ ಬುಡಕ ಹಾಕ್ತೀನಿ.” ಹೇಳುತ್ತಲೇ ಶಿವಬಸವ್ವ ಫೋನಿನ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. “ಮೊನ್ನಿನ ಶುಭೋದಯನೂ ಬಾಡಿದ್ದ ಅನ್ನು. ಇಲ್ಲಿ ಕೊಡು, ನಾನ ತಗೀತೀನಿ.”

‘ಶಿವಾ’ ಎನ್ನುವುದು, ಒಂದು ಚಿತ್ರ ತೆಗೆಯುವುದು.

“ಅತ್ತಿ, ಒಟ್ಟಿಗೇ ಆರಿಸಿದ್ರ ಲಗೂ ಆಗ್ತದ್ರಿ.”

“ಹೂವ ಕಸದಂಗ ಬಳದು ಒಗೀತಾರೇನು?”

ಕಾಯುತ್ತಿದ್ದ ಬೇರೆ ಗಿರಾಕಿಗಳಿಗೆ ಶಾಜಿಯಾ ನೀರು ಕೊಟ್ಟಳು, ಅವಸರ ಮಾಡಲಿಲ್ಲ. ಸಾಕಷ್ಟು ಜಾಗವಾದ ಮೇಲೆ ಕ್ಯಾಶನ್ನು ಇನ್ನೊಮ್ಮೆ ಅಳಿಸಿ, ಫೋನು ಬಂದ್ ಮಾಡಿ ಮತ್ತೆ ಹಚ್ಚಿ, ಶಿವಬಸವ್ವನ ಕೈಗೇ ಕೊಟ್ಟಳು. ಅವರು ಒತ್ತಿದರು. ಪರದೆ ಬೆಳ್ಳಗಾಯಿತು. ಬೆಳ್ಳಗೇ ಇತ್ತು. ಆಮೇಲೆ ಒಂದು ಮೂಲೆಯಿಂದ ಚೌಕಗಳು ಮೂಡಿದವು, ಅವುಗಳ ನಡುವೆ ಎರಡು ನವಿಲು.

ಶಿವಬಸವ್ವ ಹಿಗ್ಗಿಸಿ ನೋಡಿದರು. “ಕೊಕ್ಕು ಸೈತ ಐತಿ,” ಎಂದರು.

“ಇನ್ನ ಆ ಡಬರಿ ಬಳಸಬಹುದೇನ್ರಿ ಅತ್ತಿ?”

“ಇವತ್ತ ಸಾರಿಗೆ ಇಡು.”

ಶಾಜಿಯಾ ನವಿಲುಗಳ ಒಂದು ಪ್ರತಿಯನ್ನು ಶಾಂಭವಿಯ ಫೋನಿಗೆ ಕಳಿಸಿದಳು, ಇನ್ನೊಂದನ್ನು ದೊಡ್ಡದಾಗಿ ಮುದ್ರಿಸಿ ಕೊಟ್ಟಳು. ಶಿವಬಸವ್ವ ಎದ್ದವರು ಹೋಗಲಿಲ್ಲ. ಶಾಜಿಯಾಳ ಓಢಣಿಯ ಅಂಚನ್ನು ಬೆರಳುಗಳ ನಡುವೆ ಹಿಡಿದು ನೋಡಿದರು.

“ಎಳಿ ಛಲೋ ಅದಾವ. ಇದನ್ನ ನನ್ನ ಕಡೆ ಕೊಡು. ಅಂಚಿಗೆ ಈ ನವಿಲ ಹಾಕಿ ಕೊಡ್ತೀನಿ. ಮನಿ ಹೊರಗ ಯಾರಿಗೂ ಹಾಕಿಲ್ಲ ನೋಡು.”

ಶಾಜಿಯಾ ಕಾಗದದ ಮೇಲಿನ ನವಿಲುಗಳನ್ನು ನೋಡಿದಳು. ಆಸೆಯಾಗದೆ ಇರಲಿಲ್ಲ. ಹತ್ತಿರವೇ ನಿಂತಿದ್ದರೂ ಅಂಚನ್ನು ಕಣ್ಣಿನ ಸಮೀಪಕ್ಕೆ ತಂದು ನೋಡುತ್ತಿದ್ದ ಆ ಮುಖವನ್ನೂ ನೋಡಿದಳು.

“ಬ್ಯಾಡ್ರಿ ಅವ್ವಾರ.”

“ಯಾಕ, ನನ್ನ ಕೈಕೆಲಸ ಸೇರೂದಿಲ್ಲೇನು?”

“ಸೇರ್ತದ್ರಿ, ಖರೇ. ಆದ್ರ ಕಾರ್ತಿಕ ದೂರಿಲ್ಲ. ಕಣ್ಣಾಗ ಇರೂವಷ್ಟು ಬೆಳಕ ಮೊಮ್ಮಗಳ ಸೀರಿಗೇ ಇರ್ಲಿ. ಮದವಿಗೆ ಕರೀರಿ, ಬಂದು ನೋಡ್ತೇನಿ,” ಎಂದು ಶಾಜಿಯಾ ಓಢಣಿಯ ಅಂಚನ್ನು ಅವರ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡಳು.